ಬೈಯದ ಮೇಡಂ: ಒಂದು ಹೊಲಿಗೆ ಫ್ಲೋರಿನ ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದದ್ದು ಬೆಂಗಳೂರು–ಮೈಸೂರು ಹೆದ್ದಾರಿಯ ಆಸುಪಾಸಿನ ಒಂದು ಸಿದ್ಧ ಉಡುಪು ಕಾರ್ಖಾನೆಯಲ್ಲಿ. ಕಾರ್ಖಾನೆಯ ಹೆಸರು, ಊರು, ವರ್ಷಗಳನ್ನು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪ್ರಕರಣದ ನಡುವೆ ಇರುವ ಮಹಿಳೆಯನ್ನು ಮೇಡಂ ಎಂದೇ ಕರೆಯುತ್ತೇನೆ. ಫ್ಲೋರಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದೂ ಹಾಗೆಯೇ. ಬರೆಯಲು ಅವರ ಒಪ್ಪಿಗೆ ಇದೆ. ಬರೆದದ್ದನ್ನು ಅವರಿಗೆ ಓದಿ ಹೇಳಿದ್ದೇನೆ. ಒಂದು ಪದವನ್ನು ಅವರು ತಿದ್ದಿಸಿದರು. ಆ ಜಾಗ ಬಂದಾಗ ಹೇಳುತ್ತೇನೆ.

ನಾನು ಕಾರ್ಖಾನೆಗಳಲ್ಲಿ ಮೇಲ್ವಿಚಾರಕರಿಗೆ ತರಬೇತಿ ಕೊಡುವವನು. ಮೇಲ್ವಿಚಾರಣೆಯ ಬಗ್ಗೆ ನನಗಿದ್ದ ಒಂದು ನಂಬಿಕೆಯನ್ನು ಈ ಏಳು ತಿಂಗಳು ಬುಡಮೇಲು ಮಾಡಿದವು. ತನ್ನನ್ನು ತಾನು ಅರಿಯುವುದೆಂದರೆ ತನ್ನ ದೌರ್ಬಲ್ಯಗಳನ್ನು ಅರಿಯುವುದು ಎಂದು ನಾನು ತಿಳಿದಿದ್ದೆ. ಇಲ್ಲಿ ತೊಂದರೆ ಅಡಗಿದ್ದದ್ದು ಆಕೆಯ ಅತ್ಯಂತ ಒಳ್ಳೆಯ ಗುಣದಲ್ಲಿ.

ಫ್ಲೋರು ಮತ್ತು ಮೇಡಂ

ಅದು ರಫ್ತಿಗೆ ಶರ್ಟು ಹೊಲಿಯುವ ಕಾರ್ಖಾನೆ. ಮೇಡಂ ಫ್ಲೋರ್ ಇನ್‌ಚಾರ್ಜ್. ಅವರ ಕೈಕೆಳಗೆ ಮೂರು ಬ್ಯಾಚ್, ಒಂದೊಂದರಲ್ಲೂ ಸುಮಾರು ಐವತ್ತು ಮಷಿನ್, ಒಬ್ಬೊಬ್ಬ ಸೂಪರ್‌ವೈಸರ್. ಹೊಲಿಯುವವರಲ್ಲಿ ಬಹುಪಾಲು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು. ಬೆಳಗಿನ ಜಾವ ಎದ್ದು, ಅಡುಗೆ ಮುಗಿಸಿ, ಕಾರ್ಖಾನೆಯ ವ್ಯಾನು ಹಿಡಿದು ಬರುವವರು.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಕಾರ್ಖಾನೆಯಲ್ಲಿ ಒಬ್ಬರು ಒಂದು ಇಡೀ ಶರ್ಟು ಹೊಲಿಯುವುದಿಲ್ಲ. ಒಬ್ಬರು ಕಾಲರ್ ಕಟ್ಟುತ್ತಾರೆ, ಇನ್ನೊಬ್ಬರು ಕಫ್, ಮತ್ತೊಬ್ಬರು ಜೇಬು, ಆಮೇಲೆ ತೋಳು, ಆಮೇಲೆ ಬದಿ. ಬಟ್ಟೆ ಬಂಡಲ್ ಬಂಡಲಾಗಿ ಒಬ್ಬರಿಂದ ಇನ್ನೊಬ್ಬರಿಗೆ ಸಾಗುತ್ತದೆ. ನಡುವೆ ಒಬ್ಬರು ನಿಂತರೆ ಮುಂದಿನವರಿಗೆ ಕೆಲಸ ಇಲ್ಲ, ಹಿಂದಿನವರ ಬಳಿ ರಾಶಿ. ಬ್ಯಾಚಿನ ಕೊನೆಯಲ್ಲಿ ಒಂದು ಬೋರ್ಡು ತೂಗುತ್ತದೆ. ಗಂಟೆಗೆ ಎಷ್ಟು ಪೀಸ್ ಆಗಬೇಕಿತ್ತು, ಎಷ್ಟಾಯಿತು ಎಂದು ಅದರಲ್ಲಿ ಬರೆಯಬೇಕು. ಕಡಿಮೆಯಾದರೆ ಕೆಂಪು ಶಾಯಿ.

ಮೇಡಂ ಇಲ್ಲಿಗೆ ಸೇರಿದ್ದು ನೂಲು ಕತ್ತರಿಸುವ ಹೆಲ್ಪರ್ ಆಗಿ. ಹದಿನಾರು ವರ್ಷಗಳಲ್ಲಿ ಟೈಲರ್, ಸೂಪರ್‌ವೈಸರ್, ಇನ್‌ಚಾರ್ಜ್. ಫ್ಲೋರಿನಲ್ಲಿ ಅವರು ಕೂರಲಾಗದ ಮಷಿನ್ ಇರಲಿಲ್ಲ. ಶರ್ಟಿಗೆ ಕಾಲರ್ ಕೂರಿಸುವುದು ಕಷ್ಟದ ಕೆಲಸ, ಎರಡೂ ತುದಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು. ಮೇಡಂ ಅದನ್ನು ಪಕ್ಕದವರೊಡನೆ ಮಾತನಾಡುತ್ತಲೇ ಮಾಡಿ ಮುಗಿಸುವುದನ್ನು ನಾನು ನೋಡಿದ್ದೇನೆ.

ಮೊದಲ ದಿನವೇ ಅವರು ನನಗೆ ಒಂದು ಕತೆ ಹೇಳಿದರು. ಟೈಲರ್ ಆಗಿದ್ದಾಗ ಅವರ ಸೂಪರ್‌ವೈಸರ್ ತಪ್ಪು ಹೊಲಿದ ಬಂಡಲನ್ನು ಎಲ್ಲರ ಎದುರು ಮುಖಕ್ಕೆ ಎಸೆದಿದ್ದ. ಬಾಯಿಗೆ ಬಂದಂತೆ ಬೈದಿದ್ದ. "ಅವತ್ತೇ ನಿರ್ಧಾರ ಮಾಡಿದೆ ಸರ್. ದೇವರು ನನ್ನನ್ನು ಮೇಲಕ್ಕೆ ತಂದರೆ ಒಬ್ಬರ ಮೇಲೂ ದನಿ ಎತ್ತುವುದಿಲ್ಲ" ಎಂದರು.

ಮಾತಿಗೆ ತಪ್ಪಲಿಲ್ಲ. ನೂರೈವತ್ತು ಮಷಿನ್‌ಗಳ ಸದ್ದಿನಲ್ಲಿ ಕೂಗದೆ ಮಾತನಾಡುವುದೇ ಕಷ್ಟ. ಏಳು ತಿಂಗಳಲ್ಲಿ ಅವರು ಗದರಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಐದು ಚಿತ್ರ, ನಾಲ್ಕು ಚಿತ್ರ

ನನ್ನನ್ನು ಕರೆಸಿದ್ದಕ್ಕೆ ಕಾರಣ ಒಂದು ಲೇಬಲ್.

ಶರ್ಟಿನ ಎಡಬದಿಯ ಹೊಲಿಗೆಯೊಳಗೆ ತೊಳೆಯುವ ಸೂಚನೆಯ ಸಣ್ಣ ಪಟ್ಟಿ ಇರುತ್ತದಲ್ಲ, ಅದು. ಒಂದು ಬೆಳಗ್ಗೆ ಎರಡನೆಯ ಬ್ಯಾಚಿಗೆ ಬೇರೊಂದು ಆರ್ಡರಿನ ಲೇಬಲ್ ಬಂದುಬಿಟ್ಟಿತು. ಹತ್ತಿ ಮತ್ತು ಪಾಲಿಯೆಸ್ಟರ್ ಮಿಶ್ರಣದ ಬಟ್ಟೆಗೆ ನೂರಕ್ಕೆ ನೂರು ಹತ್ತಿ ಎಂಬ ಲೇಬಲ್. ಇಡೀ ದಿನ ಅದನ್ನೇ ಹೊಲಿದರು. ಮೂರನೆಯ ದಿನ ಖರೀದಿದಾರರ ಕಡೆಯ ತಪಾಸಣೆಯವರು ಪೆಟ್ಟಿಗೆ ಬಿಚ್ಚಿದಾಗ ಸಿಕ್ಕಿಬಿತ್ತು. ಬದಿಯ ಹೊಲಿಗೆ ಬಿಚ್ಚಿದರೆ ಹಳೆಯ ಸೂಜಿಯ ತೂತು ಉಳಿಯುತ್ತದೆ, ಹಾಗಾಗಿ ಎಷ್ಟೋ ಶರ್ಟುಗಳು ತಿದ್ದಲಾಗದೆ ಹೋದವು. ಉಳಿದವನ್ನು ಸರಿ ಮಾಡುವಷ್ಟರಲ್ಲಿ ಹಡಗು ತಪ್ಪಿತು. ಸರಕು ವಿಮಾನದಲ್ಲಿ ಹೋಯಿತು, ಅದರ ಬಾಡಿಗೆ ಕಾರ್ಖಾನೆಯ ತಲೆಯ ಮೇಲೆ ಬಿತ್ತು.

ಆಡಳಿತದವರು ಕೇಳಿದ ಪ್ರಶ್ನೆ: ಲೇಬಲ್ ಕೊಟ್ಟವರು ಯಾರು? ಆ ಉತ್ತರ ಅರ್ಧ ಗಂಟೆಯಲ್ಲಿ ಸಿಕ್ಕಿತು, ಸ್ಟೋರಿನ ಒಬ್ಬ ಹುಡುಗ. ಮೇಡಂ ಕೇಳಿದ ಪ್ರಶ್ನೆ ಬೇರೆ. ಬೆಳಗ್ಗಿನಿಂದ ಸಂಜೆಯವರೆಗೆ ಒಬ್ಬರ ಕಣ್ಣಿಗೂ ಬೀಳಲಿಲ್ಲವೇ?

ಬಿದ್ದಿತ್ತು. ಬದಿ ಹೊಲಿಯುವ ಹುಡುಗಿಗೆ ಹತ್ತು ಗಂಟೆಯ ಹೊತ್ತಿಗೇ ಗೊತ್ತಾಗಿತ್ತು. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. "ನಿನ್ನೆಯ ಲೇಬಲ್ಲಿನಲ್ಲಿ ಐದು ಚಿತ್ರ ಇದ್ದವು. ಇವತ್ತಿನದರಲ್ಲಿ ನಾಲ್ಕೇ ಇದ್ದವು" ಎಂದಳು. ಬಕೆಟ್ಟು, ತ್ರಿಕೋನ, ಚೌಕ, ಇಸ್ತ್ರಿಪೆಟ್ಟಿಗೆ, ವೃತ್ತ. ಅವುಗಳನ್ನು ದಿನಾ ಸಾವಿರ ಸಲ ನೋಡುವ ಕಣ್ಣು ಅವಳದು. ಮತ್ತೆ ಏಕೆ ಹೇಳಲಿಲ್ಲ ಎಂದರೆ ತಲೆ ತಗ್ಗಿಸಿ ನಿಂತಳು. ಬೈಯುತ್ತಾರೆ ಎಂದು ಹೆದರಿದೆಯಾ ಎಂದು ಕೇಳಿದೆ. "ಮೇಡಂ ಬೈಯುವುದಿಲ್ಲ" ಎಂದಳು. ಅಷ್ಟೇ. ಮುಂದೆ ಒಂದು ಮಾತೂ ಬರಲಿಲ್ಲ.

ಈ ಮೌನವನ್ನು ನಮ್ಮ ಕಾರ್ಖಾನೆಗಳು ಬಹಳ ವರ್ಷಗಳಿಂದ ತಪ್ಪಾಗಿ ಓದುತ್ತ ಬಂದಿವೆ ಎಂದು ನನಗೆ ಅನ್ನಿಸುತ್ತದೆ. 2016ರ ಏಪ್ರಿಲ್ 18 ಮತ್ತು 19ರಂದು ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಒಳಗೆ ತುಟಿ ಬಿಚ್ಚದವರು ಹೊರಗೆ ಅಷ್ಟು ಗಟ್ಟಿಯಾಗಿ ಮಾತನಾಡಿದ್ದನ್ನು ಕಂಡ ಮೇಲೂ, ಫ್ಲೋರು ಸದ್ದಿಲ್ಲದೆ ಇದ್ದರೆ ಎಲ್ಲ ನೆಟ್ಟಗಿದೆ ಎಂದೇ ನಾವು ಅಂದುಕೊಳ್ಳುತ್ತೇವೆ.

ಮೊದಲು ಮಾಡಿದ್ದು, ಫಲಿಸದ್ದು

ನಾನು ಬರುವ ಮೊದಲೇ ಕಾರ್ಖಾನೆಯವರು ಸಲಹಾ ಪೆಟ್ಟಿಗೆ ಇಟ್ಟಿದ್ದರು. ಅದರಲ್ಲಿ ಶೌಚಾಲಯದ ನೀರು, ವ್ಯಾನಿನ ಸಮಯದ ಬಗ್ಗೆ ಚೀಟಿಗಳಿದ್ದವು, ಕೆಲಸದ ಬಗ್ಗೆ ಒಂದೂ ಇರಲಿಲ್ಲ. ಮೇಡಂ ಅವರನ್ನು ಎರಡು ದಿನದ ನಾಯಕತ್ವ ಶಿಬಿರಕ್ಕೂ ಕಳುಹಿಸಿದ್ದರು. ಅಲ್ಲಿ ಪ್ರಶ್ನಾವಳಿ ತುಂಬಿಸಿದಾಗ "ನನ್ನ ತಂಡದವರು ನನ್ನ ಬಳಿ ಮುಕ್ತವಾಗಿ ಮಾತನಾಡುತ್ತಾರೆ" ಎಂಬುದಕ್ಕೆ ಅವರು ತಮಗೆ ಐದಕ್ಕೆ ಐದು ಕೊಟ್ಟುಕೊಂಡಿದ್ದರು. ಸುಳ್ಳು ಹೇಳಿದ್ದಲ್ಲ. ಹಾಗೆಂದೇ ನಂಬಿದ್ದರು.

ಮೂರನೆಯ ಪ್ರಯತ್ನ ನನ್ನದು, ಅದು ಕೆಟ್ಟದ್ದು ನನ್ನ ತಪ್ಪಿನಿಂದ. ಮೂವರು ಸೂಪರ್‌ವೈಸರ್‌ಗಳಿಗೆ ಮೇಡಂ ಬಗ್ಗೆ ಹೆಸರಿಲ್ಲದೆ ಬರೆದುಕೊಡಿ ಎಂದೆ. ಮೂವರೂ ಹೊಗಳಿ ಬರೆದರು. ಇರುವುದೇ ಮೂವರು, ದಿನವೂ ಒಂದೇ ರಿಜಿಸ್ಟರಿನಲ್ಲಿ ಬರೆಯುವವರು. ಹೆಸರು ಬಿಟ್ಟರೂ ಯಾರ ಅಕ್ಷರ ಯಾವುದೆಂದು ಮೇಡಂಗೆ ಗೊತ್ತಿರುವುದಿಲ್ಲವೇ? ದೊಡ್ಡ ಕಂಪನಿಗಳ ಕ್ರಮವನ್ನು ಸಣ್ಣ ಫ್ಲೋರಿಗೆ ತರುವಾಗ ನಾನು ಇಷ್ಟನ್ನು ಯೋಚಿಸಬೇಕಿತ್ತು. ಆ ಹೊಗಳಿಕೆಯ ಹಾಳೆಗಳು ಮೇಡಂ ಅವರ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿದವು.

ಸಂಘಟನಾ ಮನಃಶಾಸ್ತ್ರದ ಸಂಶೋಧಕಿ ತಾಶಾ ಯೂರಿಕ್ ಅವರ ತಂಡದ ಅಧ್ಯಯನದಲ್ಲಿ ಒಂದು ಮಾತು ಬರುತ್ತದೆ: ತಮ್ಮ ಬಗ್ಗೆ ತಮಗೆ ಚೆನ್ನಾಗಿ ಗೊತ್ತಿದೆ ಎಂದು ಬಹುತೇಕ ಎಲ್ಲರೂ ಅಂದುಕೊಳ್ಳುತ್ತಾರೆ, ನಿಜಕ್ಕೂ ಹಾಗಿರುವವರು 10ರಿಂದ 15 ಶೇಕಡದಷ್ಟು ಮಾತ್ರ. ಅನುಭವ ಮತ್ತು ಅಧಿಕಾರ ಹೆಚ್ಚಿದಷ್ಟೂ ಈ ಅಂತರ ಹೆಚ್ಚುವ ಅಪಾಯವಿದೆ. ಮೇಲೆ ಹೋದವರಿಗೆ ಕನ್ನಡಿ ಹಿಡಿಯುವವರು ಕಡಿಮೆಯಾಗುತ್ತಾರೆ, ಅದು ಒಂದು ಕಾರಣ. ನನ್ನ ಮೂರು ಹಾಳೆಗಳು ಅದಕ್ಕೆ ಸಾಕ್ಷಿಯಂತಿದ್ದವು.

ಚೆಕಿಂಗ್ ಟೇಬಲ್ಲಿನ ಪಕ್ಕ ಎರಡು ದಿನ

ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಮೇಡಂ ಅವರಿಗೆ ಹೇಳಿಯೇ, ಎರಡನೆಯ ಬ್ಯಾಚಿನ ಕೊನೆಯಲ್ಲಿ ಹೊಲಿದ ಪೀಸುಗಳನ್ನು ಪರೀಕ್ಷಿಸುವ ಚೆಕಿಂಗ್ ಟೇಬಲ್ಲಿನ ಪಕ್ಕ ಸ್ಟೂಲು ಹಾಕಿಕೊಂಡು ಎರಡು ದಿನ ಕುಳಿತೆ. ಬರೆದುಕೊಂಡದ್ದು ಒಂದೇ ವಿಷಯ: ಯಾರಾದರೂ ತಪ್ಪಾದ ಪೀಸನ್ನು ತೋರಿಸಿದಾಗ ಮೇಡಂ ಮೊದಲು ಏನು ಮಾಡುತ್ತಾರೆ.

ಅವರು ಮಾಡುತ್ತಿದ್ದದ್ದು ಹೀಗೆ. ಒಬ್ಬಳು ಕಫ್ ಹಿಡಿದುಕೊಂಡು, "ಮೇಡಂ, ಇದು ಎಳೆಯುತ್ತಿದೆ" ಎನ್ನುತ್ತಾಳೆ. ಮೇಡಂ ಅವಳ ಕೈಯಿಂದ ಪೀಸ್ ತೆಗೆದುಕೊಳ್ಳುತ್ತಾರೆ. ಎಡಗೈಯಲ್ಲಿ ಅವಳ ಭುಜವನ್ನು ಮೆಲ್ಲನೆ ಮುಟ್ಟುತ್ತಾರೆ. ಅವಳು ಏಳುತ್ತಾಳೆ. ಮೇಡಂ ಕೂರುತ್ತಾರೆ, ಬಾಬಿನ್ ತೆಗೆದು ನೋಡುತ್ತಾರೆ, ನೂಲಿನ ಬಿಗಿ ಕಾಲು ಸುತ್ತು ತಿರುಗಿಸುತ್ತಾರೆ, ನಾಲ್ಕು ಕಫ್ ಸರಸರನೆ ಹೊಲಿಯುತ್ತಾರೆ, ಏಳುತ್ತಾರೆ. "ಸರಿಹೋಯಿತು, ಕೂತುಕೋ ತಾಯಿ." ಎರಡು ನಿಮಿಷ. ಬೈಗುಳವಿಲ್ಲ, ಸಿಡುಕಿಲ್ಲ.

ನೋಡಬೇಕಾದದ್ದು ಆ ಎರಡು ನಿಮಿಷ ಎದ್ದು ನಿಂತವಳನ್ನು. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, ತನ್ನ ಮಷಿನ್ನಿನ ಪಕ್ಕದಲ್ಲೇ, ಕೆಲಸವಿಲ್ಲದೆ ನಿಂತಿರುತ್ತಾಳೆ. ಸುತ್ತ ನಲವತ್ತೊಂಬತ್ತು ಜನ ಕುಳಿತು ಹೊಲಿಯುತ್ತಿದ್ದಾರೆ. ಇಡೀ ಸಾಲಿನಲ್ಲಿ ನಿಂತಿರುವವಳು ಅವಳೊಬ್ಬಳೇ. ಅವಳ ಬಂಡಲನ್ನು ಅವಳಿಗಿಂತ ಎರಡು ಪಟ್ಟು ವೇಗದಲ್ಲಿ ಇನ್ನೊಬ್ಬರು ಮುಗಿಸುತ್ತಿದ್ದಾರೆ. ಮತ್ತೆ ಕೂತಾಗ ಅವಳು ಪಕ್ಕದವಳ ಕಡೆ ನೋಡುವುದಿಲ್ಲ.

ಎರಡು ದಿನದಲ್ಲಿ ನನ್ನ ಪುಸ್ತಕದಲ್ಲಿ ಇಪ್ಪತ್ತಮೂರು ಗೀಟು ಬಿದ್ದಿದ್ದವು. ಇಪ್ಪತ್ತೊಂದು ಸಲ ಮೇಡಂ ಎಬ್ಬಿಸಿ ಕೂತಿದ್ದರು.

ಇದನ್ನು ತೋರಿಸಿದಾಗ ಅವರಿಗೆ ಸಿಟ್ಟು ಬಂತು. "ಸಹಾಯ ಮಾಡುವುದೂ ತಪ್ಪೇ? ನೀವು ಯಾವತ್ತಾದರೂ ಮಷಿನ್ ಮೇಲೆ ಕೂತಿದ್ದೀರಾ ಸರ್? ಒಂದು ಕಫ್ ನಿಂತರೆ ಹಿಂದೆ ಎಷ್ಟು ನಿಲ್ಲುತ್ತದೆ ಗೊತ್ತೇ?" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ನಾನು ಮಷಿನ್ ಮೇಲೆ ಕೂತವನಲ್ಲ. ಹೊರಗಿನವನೊಬ್ಬ ಗೀಟು ಹಾಕಿಕೊಂಡು ಬಂದು ತೋರಿಸಿದರೆ ಯಾರಾದರೂ ಒಪ್ಪುವುದೇಕೆ? ಎರಡು ವಾರ ಅವರು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತನಾಡಿದರು. ಈ ಕೆಲಸ ಇಲ್ಲಿಗೆ ಮುಗಿಯಿತು ಎಂದೇ ನಾನು ಅಂದುಕೊಂಡಿದ್ದೆ.

ಊಟದ ಹೊತ್ತಿನ ಮಾತು

ತಿರುವು ಬಂದದ್ದು ನನ್ನಿಂದಲ್ಲ. ಮೇಡಂ ಜೊತೆಯಲ್ಲೇ ಹೆಲ್ಪರ್ ಆಗಿ ಸೇರಿ, ಈಗಲೂ ಟೈಲರ್ ಆಗಿಯೇ ಇರುವ ಒಬ್ಬ ಅಕ್ಕ ಮೊದಲ ಬ್ಯಾಚಿನಲ್ಲಿದ್ದರು. ಫ್ಲೋರಿನಲ್ಲಿ ಮೇಡಂ ಅವರನ್ನು ಏಕವಚನದಲ್ಲಿ ಕರೆಯುವವರು ಅವರೊಬ್ಬರೇ. ನನ್ನ ಮೇಲಿನ ಸಿಟ್ಟನ್ನು ಮೇಡಂ ಒಂದು ದಿನ ಊಟದ ಬಿಡುವಿನಲ್ಲಿ ಅವರ ಮುಂದೆ ತೋಡಿಕೊಂಡರಂತೆ. ಆಗ ನಡೆದ ಮಾತನ್ನು ಮೇಡಂ ನನಗೆ ಆಮೇಲೆ ಹೇಳಿದರು, ಅಕ್ಕನೂ ಹೌದೆಂದರು.

ಅಕ್ಕ ತಕ್ಷಣ ಏನೂ ಹೇಳಲಿಲ್ಲ. ಡಬ್ಬಿಯ ಮುದ್ದೆ ಮುಗಿಸಿದರು, ಕೈ ತೊಳೆದು ಬಂದರು. ಆಮೇಲೆ ಹೇಳಿದರು:

"ನಿನ್ನ ಬೆನ್ನು ನಿನಗೆ ಕಾಣುವುದಿಲ್ಲವಲ್ಲ. ನೀನು ಬೈಯುವುದಿಲ್ಲ, ಅದು ನಿಜ. ಆದರೆ ಎಬ್ಬಿಸುತ್ತೀಯ. ಆ ಮನುಷ್ಯ ಬೈಯುತ್ತಿದ್ದ, ನಾವು ಕೂತೇ ಇರುತ್ತಿದ್ದೆವು."

ಮೇಡಂ ಆ ದಿನ ಮಧ್ಯಾಹ್ನ ಫ್ಲೋರಿಗೆ ತಡವಾಗಿ ಬಂದರು. ಹದಿನಾರು ವರ್ಷಗಳಲ್ಲಿ ಅದು ಮೊದಲು ಎಂದು ಸೂಪರ್‌ವೈಸರ್ ಒಬ್ಬರು ಹೇಳಿದರು.

ಆ ಮಾತು ಅಷ್ಟು ನಾಟಿದ್ದೇಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ಹದಿನಾರು ವರ್ಷ ಮೇಡಂ ತಮ್ಮನ್ನು ಅಳೆದುಕೊಂಡದ್ದು ಒಂದೇ ಅಳತೆಗೋಲಿನಿಂದ, ಬಂಡಲ್ ಎಸೆದ ಆ ಮನುಷ್ಯನಿಂದ. ಅವನು ಕೂಗುತ್ತಿದ್ದ, ನಾನು ಕೂಗುವುದಿಲ್ಲ, ಆದ್ದರಿಂದ ನಾನು ಅವನಂತಲ್ಲ. ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು. ಅವಮಾನವೆಂದರೆ ಅವರ ಮನಸ್ಸಿನಲ್ಲಿ ದನಿಗೆ ಸಂಬಂಧಿಸಿದ್ದು, ಕೈಗೆ ಸಂಬಂಧಿಸಿದ್ದಲ್ಲ. ನಮ್ಮನ್ನು ನೋಯಿಸಿದ ಮೇಲಧಿಕಾರಿಯ ತದ್ವಿರುದ್ಧವಾಗಿ ನಮ್ಮನ್ನು ಕಟ್ಟಿಕೊಂಡವರು ನಮ್ಮಲ್ಲಿ ಎಷ್ಟೋ ಜನ ಇದ್ದೇವೆ. ಅವನು ಮಾಡಿದ್ದನ್ನು ನಾವು ಮಾಡುತ್ತಿಲ್ಲ ಎಂದು ಕಾಯುವುದರಲ್ಲೇ ಕಣ್ಣೆಲ್ಲ ಖರ್ಚಾಗುತ್ತದೆ. ಅವನು ಎಂದೂ ಮಾಡದೆ ಇದ್ದ, ನಾವೇ ಹೊಸದಾಗಿ ಮಾಡುತ್ತಿರುವ ಒಂದು ಗಾಯ ಆ ಕಾವಲಿನಡಿ ತಪ್ಪಿಸಿಕೊಂಡು ಹೋಗುತ್ತದೆ.

1955ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗ್‌ಹ್ಯಾಮ್ ನಾಲ್ಕು ಕೋಣೆಗಳ ಒಂದು ಚಿತ್ರ ಬರೆದರು. ಇಬ್ಬರ ಹೆಸರಿನ ತುಣುಕು ಸೇರಿಸಿ ಅದಕ್ಕೆ ಜೋಹರಿ ಕಿಟಕಿ ಎಂದು ಹೆಸರು. ನನಗೂ ಗೊತ್ತು ಇತರರಿಗೂ ಗೊತ್ತು; ನನಗೆ ಗೊತ್ತು ಇತರರಿಗೆ ಗೊತ್ತಿಲ್ಲ; ಇಬ್ಬರಿಗೂ ಗೊತ್ತಿಲ್ಲ; ಇತರರಿಗೆ ಗೊತ್ತು, ನನಗೆ ಮಾತ್ರ ಗೊತ್ತಿಲ್ಲ. ಈ ಕೊನೆಯ ಕೋಣೆಯ ಬಾಗಿಲನ್ನು ಒಳಗಿನಿಂದ ತೆಗೆಯಲು ಆಗುವುದಿಲ್ಲ ಎಂದು ನಾನು ತರಗತಿಗಳಲ್ಲಿ ಹೇಳುತ್ತಲೇ ಇದ್ದೆ. ಬಾಗಿಲು ತಟ್ಟುವವರು ಯಾರು ಎಂಬುದೂ ಅಷ್ಟೇ ಮುಖ್ಯ ಎಂದು ಇಲ್ಲಿ ಕಲಿತೆ. ನಾನು ಹೇಳಿದ್ದೂ ಅಕ್ಕ ಹೇಳಿದ್ದೂ ಒಂದೇ. ಅಕ್ಕನಿಗೆ ಇದರಿಂದ ಸಿಗಬೇಕಾದದ್ದು ಏನೂ ಇರಲಿಲ್ಲ, ಮೇಡಂ ಅವರ ಹಳೆಯ ಗಾಯವನ್ನು ಅವರು ಪಕ್ಕದ ಮಷಿನ್ನಿನಲ್ಲಿ ಕೂತು ನೋಡಿದ್ದರು.

ಎರಡು ಸಾಲಿನ ಪುಸ್ತಕ

ಮುಂದಿನ ವಾರ ಮೇಡಂ ತಾವಾಗಿಯೇ ಬಂದು "ಏನು ಮಾಡಲಿ ಹೇಳಿ" ಎಂದರು. ಎರಡು ನಿರ್ಧಾರ ಮಾಡಿದೆವು.

ಒಂದು, ಯಾರನ್ನೂ ಎಬ್ಬಿಸಬಾರದು. ಮಷಿನ್ನಿನ ಎಡಗಡೆ ನಿಂತು, ಹೊಲಿಯುವವಳ ಕೈಯಲ್ಲೇ ಸರಿ ಮಾಡಿಸಬೇಕು. ಹೇಳಲು ಸುಲಭ. ಮೇಡಂ ಅವರ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು. ಕೊನೆಗೆ ಅವರೇ ಒಂದು ಉಪಾಯ ಕಂಡುಕೊಂಡರು: ನೂಲು ಕತ್ತರಿಸುವ ಟ್ರಿಮ್ಮರನ್ನು ಸದಾ ಬಲಗೈಯಲ್ಲಿ ಹಿಡಿದುಕೊಂಡೇ ಓಡಾಡುವುದು. ಪೀಸಿಗೆ ಕೈ ಹಾಕಬೇಕೆಂದರೆ ಅದನ್ನು ಮೊದಲು ಕೆಳಗಿಡಬೇಕು. ಆ ಒಂದು ಕ್ಷಣದಲ್ಲಿ ನೆನಪಾಗುತ್ತಿತ್ತು.

ಎರಡು, ಸಂಜೆ ವ್ಯಾನು ಹತ್ತುವ ಮೊದಲು ಶಾಲೆಯ ನೋಟ್‌ಪುಸ್ತಕದಲ್ಲಿ ಎರಡು ಸಾಲು ಬರೆಯುವುದು. ಮೊದಲ ವಾರ ನಾನು ಕೊಟ್ಟ ಪ್ರಶ್ನೆ "ಏಕೆ ಎಬ್ಬಿಸಿದೆ?" ಎಂಬುದು. ಬಂದ ಉತ್ತರಗಳೆಲ್ಲ ಸಮಜಾಯಿಷಿ: ಅವಳು ನಿಧಾನ, ಆರ್ಡರ್ ತುರ್ತು, ಹೊಸಬಳು. 'ಏಕೆ' ಎಂದು ಕೇಳಿದರೆ ಮನಸ್ಸು ವಕೀಲನಾಗುತ್ತದೆ. ಪ್ರಶ್ನೆ ಬದಲಿಸಿದೆವು. "ಎಬ್ಬಿಸುವ ಮುಂಚಿನ ಐದು ನಿಮಿಷದಲ್ಲಿ ಏನಾಗಿತ್ತು?"

ಮೂರು ವಾರದ ಪುಟಗಳನ್ನು ಒಟ್ಟಿಗೆ ಓದಿದಾಗ ಇಬ್ಬರಿಗೂ ಒಂದು ವಿಷಯ ಕಂಡಿತು. ಎಬ್ಬಿಸಿದ್ದು ಹೆಚ್ಚಾಗಿ ಹನ್ನೊಂದರ ನಂತರ, ಇಲ್ಲವೇ ಕೊನೆಯ ಗಂಟೆಯಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಪ್ರೊಡಕ್ಷನ್ ಮ್ಯಾನೇಜರ್ ಫೋನು, ಅಥವಾ ಬೋರ್ಡಿನಲ್ಲಿ ಕೆಂಪು ಶಾಯಿ. ಸಹಾಯ ಎಂದು ತಾವು ಕರೆಯುತ್ತಿದ್ದದ್ದು ಯಾರ ಸಹಾಯಕ್ಕಾಗಿ ಎಂದು ಮೇಡಂ ತಮ್ಮನ್ನೇ ಕೇಳಿಕೊಂಡರು. ಈ ಜಾಗದಲ್ಲಿ ನಾನು ಮೊದಲು "ಒತ್ತಡ" ಎಂದು ಬರೆದಿದ್ದೆ. ಓದಿ ಹೇಳಿದಾಗ ಅವರು ತಡೆದರು. "ಒತ್ತಡ ಅಲ್ಲ ಸರ್. ಭಯ ಎಂದು ಬರೆಯಿರಿ."

ಭಯವಾದಾಗ ತಮಗೆ ಚೆನ್ನಾಗಿ ಬರುವ ಕೆಲಸಕ್ಕೆ ಓಡಿಹೋಗುವುದು ಮನುಷ್ಯ ಸಹಜ. ಮೇಡಂಗೆ ಚೆನ್ನಾಗಿ ಬರುತ್ತಿದ್ದದ್ದು ಹೊಲಿಗೆ. ಮಷಿನ್ ಮೇಲೆ ಕೂತ ಎರಡು ನಿಮಿಷ ಅವರು ಫ್ಲೋರ್ ಇನ್‌ಚಾರ್ಜ್ ಆಗಿರುತ್ತಿರಲಿಲ್ಲ, ಮತ್ತೆ ಆ ಒಳ್ಳೆಯ ಟೈಲರ್ ಆಗಿರುತ್ತಿದ್ದರು.

ತಪ್ಪು ಹೆಚ್ಚಾದ ತಿಂಗಳು

ನಂತರದ ತಿಂಗಳು ಲೆಕ್ಕ ನೋಡಿದವರಿಗೆ ಎದೆ ಒಡೆಯುವಂತಿತ್ತು. ಗಂಟೆಯ ಉತ್ಪಾದನೆ ಸ್ವಲ್ಪ ಇಳಿಯಿತು. ಬ್ಯಾಚಿನೊಳಗೆ ದಾಖಲಾದ ತಪ್ಪುಗಳ ಸಂಖ್ಯೆ ಏರುತ್ತ ಹೋಗಿ ಹಿಂದಿನ ತಿಂಗಳ ಎರಡರಷ್ಟನ್ನು ಮುಟ್ಟಿತು. ಪ್ರೊಡಕ್ಷನ್ ಮ್ಯಾನೇಜರ್ ನೇರವಾಗಿ ಹೇಳಿದರು: "ಮೇಡಂ ಕೈ ಕಟ್ಟಿಕೊಂಡು ನಿಂತರೆ ಹೀಗೇ ಆಗುವುದು. ಇದನ್ನು ನಿಲ್ಲಿಸಿ."

ಈ ಪ್ರಕರಣದ ಅತಿ ಮುಖ್ಯ ನಿರ್ಧಾರ ಇಲ್ಲಿ ಆಯಿತು, ಅದನ್ನು ಮಾಡಿದವರು ಕಾರ್ಖಾನೆಯ ಜನರಲ್ ಮ್ಯಾನೇಜರ್. ಅವರು ಕೇಳಿದ ಪ್ರಶ್ನೆ ಸರಳವಾಗಿತ್ತು. ಈ ತಪ್ಪುಗಳನ್ನು ಹಿಡಿದವರು ಯಾರು? ಎರಡು ಲೆಕ್ಕ ಬೇರೆ ಬೇರೆ ತೆಗೆಸಿದರು: ಹೊಲಿಯುವವರೇ ಎತ್ತಿ ತೋರಿಸಿದ್ದು ಎಷ್ಟು, ಕೊನೆಯ ಟೇಬಲ್ಲಿನಲ್ಲಿ ಸಿಕ್ಕಿಬಿದ್ದದ್ದು ಎಷ್ಟು. ಏರಿದ್ದೆಲ್ಲ ಮೊದಲನೆಯ ಬಗೆ. ಎರಡನೆಯದು ಆಗಲೇ ಇಳಿಯತೊಡಗಿತ್ತು.

ಅವರೊಡನೆ ನಾನು ತಂಡಗಳ ಕೆಲಸವನ್ನು ಅಧ್ಯಯನ ಮಾಡುವ ಸಂಶೋಧಕಿ ಏಮಿ ಎಡ್ಮಂಡ್ಸನ್ ಅವರ ಸಂಶೋಧನೆಯನ್ನು ಹಂಚಿಕೊಂಡೆ. ಆಸ್ಪತ್ರೆಯ ಶುಶ್ರೂಷಾ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅವರು ಅಧ್ಯಯನ ಮಾಡಿದ್ದರು. ಅದು 1996ರಲ್ಲಿ ಪ್ರಕಟವಾಯಿತು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಹೊರಟವರಿಗೆ ಲೆಕ್ಕ ತಿರುಗುಮುರುಗಾಗಿ ಕಂಡಿತು. ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪು ಹೆಚ್ಚು. ಆ ತಂಡಗಳಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಲು ಹೆದರಿಕೆ ಇರಲಿಲ್ಲ ಎಂಬುದು ಅವರು ಕಂಡುಕೊಂಡ ವಿವರಣೆ. ನಮ್ಮ ಫ್ಲೋರಿನ ಆ ತಿಂಗಳ ಲೆಕ್ಕವನ್ನು ಒಂದೇ ಸಾಲಿನಲ್ಲಿ ಓದಿದ್ದರೆ ಮೇಡಂ ಹಳೆಯ ಹಾದಿಗೆ ಮರಳಬೇಕಾಗುತ್ತಿತ್ತು. ಮೇಲಿನವರು ಓದಲು ಕಲಿಯದೆ ಇದ್ದರೆ ಕೆಳಗಿನವರ ಬದಲಾವಣೆಗೆ ಒಂದು ತಿಂಗಳ ಆಯುಸ್ಸೂ ಇರುವುದಿಲ್ಲ.

ಬೋರ್ಡಿನ ಕೆಂಪು ಶಾಯಿಯನ್ನು ತೆಗೆಸಿ ಎಂದು ನಾನು ಕೇಳಿದೆ, ಜನರಲ್ ಮ್ಯಾನೇಜರ್ ಒಪ್ಪಲಿಲ್ಲ. ಫೋನು ಮಾತ್ರ ಗಂಟೆಗೊಮ್ಮೆ ಬರುತ್ತಿದ್ದದ್ದು ದಿನಕ್ಕೆ ಎರಡು ಸಲಕ್ಕೆ ಇಳಿಯಿತು. ಪ್ರೊಡಕ್ಷನ್ ಮ್ಯಾನೇಜರ್ ಇದನ್ನು ಮನಸ್ಸಿಲ್ಲದೆ ಒಪ್ಪಿದರು.

ಮೂರನೆಯ ತಿಂಗಳ ಹೊತ್ತಿಗೆ ಉತ್ಪಾದನೆ ಮೊದಲಿನ ಮಟ್ಟಕ್ಕೆ ಬಂತು, ಅದಕ್ಕಿಂತ ಹೆಚ್ಚೇನೂ ಏರಲಿಲ್ಲ. ಕೊನೆಯ ಟೇಬಲ್ಲಿನಿಂದ ತಿದ್ದಲು ಹಿಂದಿರುಗುವ ಪೀಸುಗಳು ಸ್ಪಷ್ಟವಾಗಿ ಇಳಿದವು. ಒಂದು ದಿನ ಮೂರನೆಯ ಬ್ಯಾಚಿನಲ್ಲಿ ಬೇರೆ ಬಣ್ಣದ ಗುಂಡಿ ಬಂದಾಗ ಗುಂಡಿ ಹೊಲಿಯುವವಳು ಎಂಟನೆಯ ಶರ್ಟಿಗೇ ಕೈ ಎತ್ತಿದಳು. ಎಂಟೇ ಶರ್ಟು. ಆ ದಿನ ಮೇಡಂ ಮುಖದಲ್ಲಿದ್ದ ಸಂತೋಷವನ್ನು ನಾನು ಮರೆಯುವುದಿಲ್ಲ.

ಜಾರಿದ ವಾರ

ಐದನೆಯ ತಿಂಗಳು ಎರಡು ಆರ್ಡರ್ ಒಂದೇ ವಾರಕ್ಕೆ ಬಿದ್ದವು. ದಿನವೂ ಹೆಚ್ಚುವರಿ ದುಡಿಮೆ. ಗುರುವಾರ ಮಧ್ಯಾಹ್ನ ಮೇಡಂ ಟ್ರಿಮ್ಮರನ್ನು ಕೆಳಗಿಟ್ಟರು, ತೋಳು ಕೂರಿಸುತ್ತಿದ್ದ ಹೊಸ ಹುಡುಗಿಯೊಬ್ಬಳನ್ನು ಎಬ್ಬಿಸಿದರು. ಎರಡು ನಿಮಿಷವಲ್ಲ, ಇಪ್ಪತ್ತು ನಿಮಿಷ ಅವಳ ಮಷಿನ್ನಿನಲ್ಲಿ ಕೂತು ಹೊಲಿದರು. ಹುಡುಗಿ ಅಷ್ಟು ಹೊತ್ತೂ ಪಕ್ಕದಲ್ಲಿ ನಿಂತಿದ್ದಳು. ಶುಕ್ರವಾರ ಅವಳು ಬರಲಿಲ್ಲ. ಮತ್ತೆ ಬರಲೇ ಇಲ್ಲ.

ಸೋಮವಾರ ನೋಟ್‌ಪುಸ್ತಕದಲ್ಲಿ ಇದ್ದದ್ದು ಒಂದೇ ಸಾಲು: "ಗುರುವಾರ ನಾನು ಬಂಡಲ್ ಎಸೆದೆ." ಓದಿ ನನ್ನ ಬಾಯಿ ಕಟ್ಟಿತು. ಅವರು ಬಂಡಲ್ ಎಸೆದಿರಲಿಲ್ಲ, ದನಿಯನ್ನೂ ಎತ್ತಿರಲಿಲ್ಲ. ಆದರೆ ಆ ಎರಡೂ ಒಂದೇ ಜಾತಿಯವು ಎಂದು ಅವರಿಗೆ ಆಗ ಕಂಡಿತ್ತು, ಮೊದಲು ಕಂಡಿರಲಿಲ್ಲ. ನನ್ನ ಪ್ರಕಾರ ಈ ಏಳು ತಿಂಗಳ ನಿಜವಾದ ಫಲ ಆ ಸಾಲು. ತಪ್ಪು ನಿಂತಿರಲಿಲ್ಲ. ತಪ್ಪು ಆಗಿದೆ ಎಂಬುದು ಗೊತ್ತಾಗಲು ಮೊದಲು ಹದಿನಾರು ವರ್ಷ ಹಿಡಿದಿತ್ತು, ಈಗ ನಾಲ್ಕು ದಿನ.

ಮೇಡಂ ಆ ಹುಡುಗಿಯ ಊರಿಗೆ ಹೋಗಿ ಬಂದರು. ಅವಳು ಆಗಲೇ ಬೇರೆ ಕಡೆ ಸೇರಿದ್ದಳು. ಅವಳ ತಾಯಿ ಕಾಫಿ ಕೊಟ್ಟರಂತೆ. ಬೇರೇನೂ ಮಾತಾಗಲಿಲ್ಲ.

ಇನ್ನೊಂದು ನಷ್ಟವನ್ನೂ ಹೇಳಬೇಕು. ಮೂವರು ಸೂಪರ್‌ವೈಸರ್‌ಗಳಲ್ಲಿ ಒಬ್ಬರು ಕೆಲಸ ಬಿಟ್ಟರು. ಮೇಡಂ ಎಲ್ಲವನ್ನೂ ತಾವೇ ಬಂದು ಸರಿ ಮಾಡುತ್ತಿದ್ದಾಗ ಅವರಿಗೆ ನಿರಾಳವಾಗಿತ್ತು, ಈಗ ತೀರ್ಮಾನಗಳನ್ನು ಅವರೇ ತೆಗೆದುಕೊಳ್ಳಬೇಕಿತ್ತು. ಉಳಿದ ಇಬ್ಬರಲ್ಲಿ ಒಬ್ಬರು ಮೇಡಂ ಅವರನ್ನೇ ನೋಡಿ ಎಬ್ಬಿಸುವುದನ್ನು ಕಲಿತಿದ್ದವರು, ಬಿಡಲು ಅವರಿಗೆ ಮೇಡಂಗಿಂತ ಹೆಚ್ಚು ಕಾಲ ಹಿಡಿಯಿತು.

ಇಂಥ ಪ್ರಕರಣವನ್ನು ತಮ್ಮಲ್ಲಿ ಬಳಸಬೇಕೆಂದಿರುವವರಿಗೆ ಒಂದು ಎಚ್ಚರಿಕೆ. ಆತ್ಮಾವಲೋಕನ ಎಂಬ ಮಾತನ್ನು ಹಿಡಿದುಕೊಂಡು ಕಾರ್ಖಾನೆಯ ಭಾರವನ್ನೆಲ್ಲ ಒಬ್ಬ ಫ್ಲೋರ್ ಇನ್‌ಚಾರ್ಜ್ ಮೇಲೆ ಹಾಕಬೇಡಿ. ಮೇಡಂ ತಮ್ಮ ಭಯವನ್ನು ಕಂಡುಕೊಂಡರು, ಸರಿ. ಆ ಭಯ ಫೋನಿನ ಆ ತುದಿಯಿಂದ ಬರುತ್ತಿತ್ತು. ಫೋನು ಕಡಿಮೆ ಮಾಡುವ ಅಧಿಕಾರ ಅವರ ಕೈಯಲ್ಲಿ ಇರಲಿಲ್ಲ. ಜನರಲ್ ಮ್ಯಾನೇಜರ್ ಎರಡು ಲೆಕ್ಕ ಬೇರೆ ತೆಗೆಸದೆ ಇದ್ದಿದ್ದರೆ ಆ ನೋಟ್‌ಪುಸ್ತಕ ಒಬ್ಬ ಹೆಣ್ಣುಮಗಳು ತನ್ನನ್ನು ತಾನು ಬೈದುಕೊಳ್ಳುವ ಪುಸ್ತಕವಾಗಿ ಉಳಿಯುತ್ತಿತ್ತು. ಗಮನಿಸುವವರು ಹೊರಗಿನವರಾಗಿದ್ದರೆ ನಾನು ಮಾಡಿದಂತೆ ಗೀಟುಗಳ ಪಟ್ಟಿಯನ್ನು ನೇರವಾಗಿ ಮುಂದಿಡುವ ಮೊದಲು, ಅದೇ ಮಾತನ್ನು ಹೇಳಬಲ್ಲ ಒಳಗಿನವರು ಯಾರೆಂದು ಹುಡುಕಿ. ಪ್ರತಿ ಫ್ಲೋರಿನಲ್ಲೂ ಅಂಥ ಒಬ್ಬರು ಇರುತ್ತಾರೆ. ಹೆಚ್ಚಾಗಿ ಅವರಿಗೆ ಬಡ್ತಿ ಸಿಕ್ಕಿರುವುದಿಲ್ಲ.

ಕೊನೆಯ ಸಲ ಹೋದಾಗ ಬದಿ ಹೊಲಿಯುವ ಆ ಹುಡುಗಿ, ಐದು ಚಿತ್ರ ಎಣಿಸಿದವಳು, ಅದೇ ಮಷಿನ್ನಿನಲ್ಲಿ ಇದ್ದಳು. ಪ್ರತಿ ಹೊಸ ಆರ್ಡರಿನ ಮೊದಲ ಲೇಬಲನ್ನು ಈಗ ಅವಳ ಮಷಿನ್ನಿನ ತಲೆಗೆ ಟೇಪ್ ಹಚ್ಚಿ ಅಂಟಿಸುತ್ತಾರೆ. ಅಂದು ಮಧ್ಯಾಹ್ನ ಅವಳು ಒಂದು ಲೇಬಲ್ ಹಿಡಿದು ಕೈ ಎತ್ತಿದಳು. ಮೇಡಂ ಹೋಗಿ ಎಡಗಡೆ ನಿಂತರು. ಲೇಬಲ್ ಸರಿಯಾಗಿಯೇ ಇತ್ತು, ಅಚ್ಚು ಸ್ವಲ್ಪ ಮಸುಕಾಗಿತ್ತು ಅಷ್ಟೇ. "ಕೇಳಿದ್ದು ಒಳ್ಳೆಯದಾಯಿತು" ಎಂದು ಹೇಳಿ ಮುಂದಿನ ಸಾಲಿಗೆ ನಡೆದರು. ಟ್ರಿಮ್ಮರ್ ಕೈಯಲ್ಲೇ ಇತ್ತು.